ಕೋಳಿ ಕಾವು ಕೂತ ಕಸದ ಡಬ್ಬ

ಗಾಣಿಗರ ಓಣಿಯ ಕಸದ ಡಬ್ಬಕ್ಕೆ ಕಸವೇ ಬೀಳುತ್ತಿರಲಿಲ್ಲ. ಸಿಪ್ಪೆ ಎಮ್ಮೆಗೆ, ತೆಂಗಿನ ಚಿಪ್ಪು ನೀರೊಲೆಗೆ, ಹಳೇ ಸೀರೆ ಕೌದಿಗೆ ಹೋಗುತ್ತಿದ್ದವು. ಡಬ್ಬದೊಳಗೆ ಕೋಳಿಯೊಂದು ಕಾವು ಕೂತಿತ್ತು.

“ದಂಡಪಿಂಡ! ನಿನಗಿಲ್ಲಿ ಏನು ಕೆಲಸ?” ಎಂದು ಕಸದ ಲಾರಿ ಗದರಿತು.

“ಮರಿಯಾಗುವವರೆಗಾದರೂ ಬಿಡಿ, ಸ್ವಾಮಿ,” ಎಂದಿತು ಡಬ್ಬ.

ಲಾರಿ ಬಿಡಲಿಲ್ಲ. ಕೋಳಿಯನ್ನು ಮೊಟ್ಟೆ ಸಮೇತ ಇಳಿಸಿ, ಡಬ್ಬವನ್ನು ಹೊಸ ಬಡಾವಣೆಗೆ ಹೊತ್ತೊಯ್ದಿತು. ಅಲ್ಲಿ ಮಧ್ಯಾಹ್ನದೊಳಗೆ ಅರ್ಧ ತಿಂದ ಕೇಕು, ಒಮ್ಮೆಯೂ ತೊಡದ ಅಂಗಿ ಎಲ್ಲ ಬಿದ್ದು ಡಬ್ಬ ತುಂಬಿ ತುಳುಕಿತು.

“ಈಗ ನೀನು ದುಡಿಯುವವನಾದೆ,” ಎಂದು ಲಾರಿ ಮೆಚ್ಚಿತು. ಡಬ್ಬಕ್ಕೂ ಹೆಮ್ಮೆಯಾಯಿತು.

ಮರುದಿನ ಭಾರಕ್ಕೆ ಅದರ ಅಂಚು ಬೆರಳಗಲ ಸೀಳಿಹೋಯಿತು. ಬಡಾವಣೆಯವರು ಅದನ್ನೆತ್ತಿ ಪಕ್ಕದ ದೊಡ್ಡ ಡಬ್ಬಕ್ಕೆ ಎಸೆದರು.

“ಈ ಬೀದಿ ದಿನೇ ದಿನೇ ಮುಂದೆ ಬರುತ್ತಿದೆ,” ಎಂದಿತು ಲಾರಿ.