ಮಗ್ಗದಲ್ಲಿ ಉಳಿದ ಎಳೆಗಳು

"ಗುರುಗಳೇ, ಯುಗಾದಿಯ ದಿನ ಹಿಡಿದ ಸಂಕಲ್ಪ ಮಳೆಗಾಲದವರೆಗೂ ಯಾಕೆ ಉಳಿಯುವುದಿಲ್ಲ?" ಎಂದು ಶಿಷ್ಯ ರಾಚಯ್ಯ ಕೇಳಿದ.

ಹಬ್ಬದ ಸಂಜೆ. ಮಠಕ್ಕೆ ಬಂದವರೆಲ್ಲ ಬೇವು ಬೆಲ್ಲ ತಿಂದು, ಕಾಲಿಗೆರಗಿ, ಮನೆಗಳಿಗೆ ಹೋಗಿದ್ದರು. ಬೆಳಗಿನಿಂದ ಗುರುಗಳು ಕೇಳಿದ್ದು ಬರೀ ಸಂಕಲ್ಪಗಳನ್ನೇ. ಒಬ್ಬ ಹೊಗೆಸೊಪ್ಪು ಬಿಡುತ್ತೇನೆ ಎಂದಿದ್ದ. ಒಬ್ಬಳು ಸೊಸೆಯ ಮೇಲೆ ರೇಗುವುದಿಲ್ಲ ಎಂದಿದ್ದಳು. ಹೋದ ವರ್ಷವೂ ಅವರು ಅದನ್ನೇ ಹೇಳಿದ್ದರು. ಒಳ್ಳೆಯದಾಗಲಿ ಎಂದು ಹೇಳಿ ಹೇಳಿ ಗುರುಗಳ ಬಾಯಿ ಒಣಗಿತ್ತು. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಇನ್ನಾದರೂ ಸುಮ್ಮನಿರಬಹುದು ಎಂದುಕೊಳ್ಳುವಷ್ಟರಲ್ಲಿ ಇವನು ಶುರು ಮಾಡಿದ.

ರಾಚಯ್ಯ ತನ್ನ ಕತೆ ಹೇಳಿಕೊಂಡ. ಹೋದ ಯುಗಾದಿಗೆ ಅವನು ಕಲ್ಲು ಒಡೆಯುವವರ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆಂದು ಹೊರಟಿದ್ದ. ಮಠದ ಹಿಂದಿನ ಬೇವಿನ ಮರದ ಕೆಳಗೆ ಮಕ್ಕಳನ್ನು ಕೂರಿಸಿ, ಮರಳು ಹರಡಿ, ಬೆರಳಿನಿಂದ ತಿದ್ದಿಸಿದ್ದ. ಮಳೆ ಬಂದು ಒಂದೆರಡು ದಿನ ತಪ್ಪಿತು. ಆಮೇಲೆ ಅವನಿಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೆ ಮಕ್ಕಳ ಮುಂದೆ ಹೋಗಲು ನಾಚಿಕೆಯಾಯಿತು. ಅಲ್ಲಿಗೆ ನಿಂತಿತು. ಅದು ಮುಗಿದ ಮಾತು, ಬಿಡಿ, ಎಂದ. ಈ ವರ್ಷ ಎಲ್ಲವೂ ಹೊಸದು. ನಸುಕಿನಲ್ಲಿ ಏಳುವುದು, ತಣ್ಣೀರು ಸ್ನಾನ, ಒಪ್ಪೊತ್ತು ಊಟ, ಸೋಮವಾರ ಮೌನ. ಹೇಳುತ್ತಾ ಹೇಳುತ್ತಾ ಅವನ ಮುಖ ಅರಳಿತು. ಇದಾದರೂ ನಿಲ್ಲಬೇಕಾದರೆ ಹೇಗೆ ಶುರು ಮಾಡಬೇಕು, ಅಷ್ಟು ಹೇಳಿ ಎಂದು ಕೈಮುಗಿದ.

ಗುರುಗಳು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. ಆಮೇಲೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಕೈ ಪಳಗಿದವನು. ಅವನು ನೇಯ್ದ ಸೀರೆ ಉಟ್ಟ ಹೆಣ್ಣುಮಕ್ಕಳು ಸುತ್ತಲಿನ ಊರುಗಳಲ್ಲೆಲ್ಲ ಇದ್ದರು. ಅವನ ಹೆಂಡತಿ ಮಾತ್ರ ತವರಿನವರು ಕೊಟ್ಟ ಹಳೆಯ ಸೀರೆಗೆ ತೇಪೆ ಹಾಕಿ ಉಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವನು ಅವಳಿಗೆ ಒಂದು ಮಾತು ಕೊಟ್ಟಿದ್ದ. ಬರುವ ಯುಗಾದಿಗೆ ನನ್ನ ಕೈಯಾರೆ ನೇಯ್ದ ಸೀರೆ ಉಡಿಸುತ್ತೇನೆ ಎಂದಿದ್ದ. ಆ ಯುಗಾದಿ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಅವನು ಸುಳ್ಳು ಹೇಳುವವನಲ್ಲ, ಸೋಮಾರಿಯೂ ಅಲ್ಲ. ಕೊಟ್ಟ ಮಾತನ್ನು ಒಂದು ವರ್ಷವೂ ಮರೆತವನಲ್ಲ. ಪ್ರತಿ ಯುಗಾದಿಗೂ ಹೊಸದಾಗಿ ಶುರು ಮಾಡುತ್ತಿದ್ದ.

ಮಗ್ಗದ ರೀತಿ ನಿನಗೆ ತಿಳಿಯದು, ಹೇಳುತ್ತೇನೆ ಕೇಳು. ಸೀರೆ ಮುಗಿದಾಗ ನೇಕಾರ ಬಟ್ಟೆಯನ್ನು ಕತ್ತರಿಸಿಕೊಳ್ಳುತ್ತಾನೆ. ಆದರೆ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಾಸಿನ, ಅಂದರೆ ಉದ್ದಕ್ಕೆ ಹಾಸಿದ ನೂಲಿನ, ಕೊನೆಯ ತುಂಡುಗಳನ್ನು ಹಣಿಗೆಯಲ್ಲೇ ಬಿಡುತ್ತಾನೆ. ಹಣಿಗೆ ಬಾಚಣಿಗೆಯಂಥದ್ದು, ಅದರ ಒಂದೊಂದು ಸಂದಿಯಲ್ಲೂ ಎಳೆ ಹಾಯ್ದಿರುತ್ತದೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ ಕೂಡಿಸಿ, ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆ ಕೆಲಸ ಹೆಂಗಸರದು. ಕೆಚ್ಚಿದ ಮೇಲೆ ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆಯೇ ಹಣಿಗೆ ದಾಟಿ ಬರುತ್ತದೆ. ಹಳೆಯ ತುದಿ ಇಲ್ಲದಿದ್ದರೆ ಸಾವಿರಾರು ಎಳೆಗಳನ್ನು ಒಂದೊಂದಾಗಿ ಸಂದಿಯಲ್ಲಿ ತೂರಿಸಬೇಕು. ಒಬ್ಬರು ಆಚೆಯಿಂದ ಎಳೆ ಕೊಡಬೇಕು, ಒಬ್ಬರು ಈಚೆಯಿಂದ ಕೊಕ್ಕೆ ಹಾಕಿ ಎಳೆದುಕೊಳ್ಳಬೇಕು. ಒಂದು ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ವಾರಗಟ್ಟಲೆ ಹಿಡಿಯುತ್ತದೆ, ಕಣ್ಣು ಸೋತು ಹೋಗುತ್ತದೆ.

ಇದೆಲ್ಲ ಆ ನೇಕಾರನಿಗೆ ಗೊತ್ತಿತ್ತು. ನೂಲು ಕೊಟ್ಟು ಕೂಲಿಗೆ ನೇಯಿಸಿಕೊಳ್ಳುವ ವ್ಯಾಪಾರಿಯೊಬ್ಬನಿದ್ದ, ಅವನ ಸೀರೆಗಳಿಗಾಗಿ ನೇಕಾರ ಎಂದೂ ಮಗ್ಗ ಬರಿದು ಮಾಡಿದವನಲ್ಲ. ಆದರೆ ಯುಗಾದಿಯ ದಿನ ಬುದ್ಧಿ ಎಲ್ಲಿಗೋ ಹೋಗುತ್ತಿತ್ತು. ಎಣ್ಣೆ ಹಚ್ಚಿ ತಲೆಗೆರೆದುಕೊಂಡು, ಮಗ್ಗ ಒರೆಸಿ, ಕುಂಕುಮ ಇಟ್ಟು ನಿಂತಾಗ ಹಣಿಗೆಯಲ್ಲಿ ಜೋತಾಡುವ ಹಳೆಯ ತುಂಡುಗಳು ಕಣ್ಣಿಗೆ ಚುಚ್ಚುತ್ತಿದ್ದವು. ಇವು ಯಾರದೋ ಸೀರೆಯ ಉಳಿಕೆ, ವ್ಯಾಪಾರಿಯ ಎಂಜಲು. ನನ್ನ ಹೆಂಡತಿಯ ಸೀರೆಯನ್ನು ಈ ಎಂಜಲಿಗೆ ಗಂಟು ಹಾಕಲೇ? ಹೊಸ ವರ್ಷ, ಹೊಸ ನೂಲು, ಮಗ್ಗವೂ ಹೊಸದಾಗಲಿ. ಹೀಗೆ ಅಂದುಕೊಂಡು ಕತ್ತರಿ ತಂದು ಎಲ್ಲವನ್ನೂ ಕತ್ತರಿಸಿ, ಎಳೆದು ಬಿಸಾಡುತ್ತಿದ್ದ. ಪ್ರೀತಿಯಿಂದಲೇ ಮಾಡುತ್ತಿದ್ದ, ಅದನ್ನು ಮರೆಯಬೇಡ.

ಆಮೇಲೆ ಗಂಡ ಹೆಂಡತಿ ಮಗ್ಗದ ಆಚೆ ಈಚೆ ಕೂರುತ್ತಿದ್ದರು. ಅವಳು ಎಳೆ ಕೊಡುವುದು, ಅವನು ಎಳೆದುಕೊಳ್ಳುವುದು. ಮೊದಲ ದಿನ ನಗುನಗುತ್ತಾ ಮಾಡುತ್ತಿದ್ದರು. ನಾಲ್ಕಾರು ದಿನಕ್ಕೆ ಮಾತು ನಿಲ್ಲುತ್ತಿತ್ತು. ಆಮೇಲೆ ಜಗಳ. ತಪ್ಪು ಎಳೆ ಕೊಟ್ಟೆ ಎಂದು ಅವನು, ನೀವೇ ತಪ್ಪು ಸಂದಿಗೆ ಹಾಕಿದಿರಿ ಎಂದು ಅವಳು. ಮಗ್ಗ ಆಡದ ಮನೆಯಲ್ಲಿ ಕೂಲಿ ಎಲ್ಲಿಂದ ಬರಬೇಕು? ಜೋಳದ ಹಿಟ್ಟಿನ ಮಡಕೆ ತಳ ಕಾಣುತ್ತಿತ್ತು. ಎಳೆಗಳನ್ನೆಲ್ಲ ತೂರಿಸಿ ಮುಗಿಯಿತು ಎನ್ನುವ ಹೊತ್ತಿಗೆ ಸರಿಯಾಗಿ ವ್ಯಾಪಾರಿ ಬರುತ್ತಿದ್ದ. ಮದುವೆಯ ಕಾಲ, ಅವನಿಗೂ ಅವಸರ. ಮಗ್ಗದ ಮೇಲೆ ಒಂದು ಬೆರಳಗಲ ಬಟ್ಟೆಯೂ ಇರುತ್ತಿರಲಿಲ್ಲ. ಖಾಲಿ ಇದೆಯಲ್ಲ, ನನ್ನದನ್ನು ಹಾಕು, ಎನ್ನುತ್ತಿದ್ದ.

ಖಾಲಿಯೇ ಇತ್ತು, ಏನು ಹೇಳುವುದು? ನೇಕಾರ ಹೆಂಡತಿಯ ಹಾಸನ್ನು ಹಣಿಗೆಯ ಹಿಂದಕ್ಕೆ ಕತ್ತರಿಸಿ, ಸುತ್ತಿ, ಅಟ್ಟಕ್ಕೆ ಹಾಕುತ್ತಿದ್ದ. ಅವಳಿಗಾಗಿ ತೂರಿಸಿದ ಆ ತುದಿಗಳಿಗೆ ವ್ಯಾಪಾರಿಯ ನೂಲನ್ನು ಅವಳೇ ಕೂತು ಕೆಚ್ಚುತ್ತಿದ್ದಳು. ಬರುವ ಯುಗಾದಿಗೆ ತಪ್ಪಿಸುವುದಿಲ್ಲ ಎಂದು ಅವನು ಹೇಳುತ್ತಿದ್ದ. ಆಗಲಿ ಎಂದು ಅವಳು ಹೇಳುತ್ತಿದ್ದಳು.

ಹೀಗೇ ವರ್ಷಗಳು ಹೋದವು. ಇಬ್ಬರ ತಲೆಯೂ ನರೆಯಿತು. ಅವಳ ಕಣ್ಣು ಮಂಜಾಯಿತು. ಬೇಳೆಯಲ್ಲಿನ ಕಲ್ಲು ಆರಿಸಲು ಬೆರಳಿನಿಂದ ತಡವುತ್ತಿದ್ದಳು. ಆ ವರ್ಷವೂ ಯುಗಾದಿ ಬಂತು. ಅವನು ಮಗ್ಗ ಒರೆಸಿದ, ಕುಂಕುಮ ಇಟ್ಟ, ಕತ್ತರಿ ಹಿಡಿದು ಬಂದ. ಅವಳು ಅವನ ಕೈ ಹಿಡಿದುಕೊಂಡಳು.

"ನನಗ ಸೀರಿ ಬ್ಯಾಡ," ಅಂದಳು. "ವರ್ಷಾ ವರ್ಷಾ ಸೀರಿ ಅಂತೀರಿ. ಎಳಿ ಕೊಟ್ಟು ಕೊಟ್ಟು ನನ್ನ ಕಣ್ಣು ಹೋದವು. ಇನ್ನೊಂದು ಸಲ ನನ್ನ ಕೈಲೆ ಆಗಂಗಿಲ್ಲ."

"ಮತ್ತ ಈ ಎಂಜಲಕ್ಕ ನಿನ್ನ ಸೀರಿ ಕಟ್ಟಂತೀಯೇನು?"

"ಇದನ್ನೂ ನೀವ ನೇಯ್ದದ್ದು, ನಾನ ಕೆಚ್ಚಿದ್ದು. ಎಂಜಲ ಹೆಂಗಾಗತೈತಿ?"

ಅವನಿಗೆ ತಿಳಿವಳಿಕೆ ಬಂತು ಎಂದು ನಾನು ಹೇಳುವುದಿಲ್ಲ. ಅವನೂ ದಣಿದಿದ್ದ, ಅಷ್ಟೇ. ಕತ್ತರಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಸಿಟ್ಟಿನಿಂದ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ಅವಳು ಅಟ್ಟದಿಂದ ತನ್ನ ಸೀರೆಯ ಹಾಸನ್ನು ಇಳಿಸಿಕೊಂಡಳು. ಒಲೆಯ ಬೂದಿ ತಂದು ಬೆರಳಿಗೆ ಹಚ್ಚಿಕೊಂಡಳು. ಕೆಚ್ಚುವುದಕ್ಕೆ ಕಣ್ಣಿಗಿಂತ ಬೆರಳು ಬೇಕು, ಬೆರಳು ಅವಳಿಗಿನ್ನೂ ಇದ್ದವು. ಬೇಡ ಎಂದವಳು ಯಾಕೆ ಕೆಚ್ಚಿದಳು ಎಂದು ಕೇಳಬೇಡ. ಅವಳಿಗೆ ಬೇಡವಾದದ್ದು ಸೀರೆಯಲ್ಲ, ಆ ಕತ್ತರಿ. ಮಾರನೆಯ ದಿನ ಅವನು ಎದ್ದು ನೋಡುವಾಗ ಅರ್ಧ ಹಾಸು ಕೂಡಿತ್ತು. ಸಂಜೆಗೆ ಎಲ್ಲ ಮುಗಿಯಿತು.

ಅವನು ಮುಖ ಗಂಟಿಕ್ಕಿಕೊಂಡೇ ಮಗ್ಗದ ಗುಂಡಿಗೆ ಇಳಿದ. ಮೊದಲ ಗೇಣುದ್ದ ಬಟ್ಟೆ ನೋಡುವ ಹಾಗಿರಲಿಲ್ಲ. ಹಳೆಯ ಕೆಂಪು, ಹೊಸ ಹಸಿರು, ನಡುವೆ ಬೂದಿ ಹತ್ತಿದ ಗಂಟುಗಳು. ಅಡ್ಡ ನೂಲು ಒಯ್ಯುವ ಲಾಳಿ ಅಲ್ಲಲ್ಲಿ ತಡೆಯಿತು. ಎಳೆ ಕಡಿಯಿತು, ಕಟ್ಟಿದ, ಮತ್ತೆ ಕಡಿಯಿತು. ಒಂದು ಸಲ ಎದ್ದು ಗೂಡಿನ ಕಡೆಗೂ ಹೋದ. ಕತ್ತರಿಯನ್ನು ಕೈಗೆ ತೆಗೆದುಕೊಂಡ. ಮತ್ತೆ ಆ ಎಳೆಗಳನ್ನೆಲ್ಲ ತೂರಿಸುವುದನ್ನು ನೆನೆಸಿಕೊಂಡು ಅಲ್ಲೇ ಇಟ್ಟು ಬಂದ. ಗಂಟುಗಳು ದಾಟಿದ ಮೇಲೆ ಬರೀ ಹಸಿರು ಬರತೊಡಗಿತು.

ವ್ಯಾಪಾರಿ ಬಂದಾಗ ಮಗ್ಗದ ಮೇಲೆ ಮೊಳಗಟ್ಟಲೆ ಬಟ್ಟೆ ಇತ್ತು. ಮಗ್ಗ ಖಾಲಿ ಇಲ್ಲ ಎಂದು ನೇಕಾರ ಹೇಳಿದ. ಅಷ್ಟು ವರ್ಷಗಳಲ್ಲಿ ಯುಗಾದಿಯ ನಂತರ ಅವನು ಆ ಮಾತು ಹೇಳಿದ್ದು ಅದೇ ಮೊದಲು. ವ್ಯಾಪಾರಿ ಗೊಣಗಿದ. ಆದರೆ ನಡೆಯುತ್ತಿರುವ ಬಟ್ಟೆಯನ್ನು ಕತ್ತರಿಸು ಎಂದು ಅವನೂ ಹೇಳಲಾರ, ಅದು ಅವನ ದಂಧೆಗೂ ಒಗ್ಗದ ಮಾತು. ಮುಗಿದ ಮೇಲೆ ಹೇಳಿಕಳಿಸು ಎಂದು ಹೋದ.

ಸೀರೆ ಮುಗಿಯಿತು. ಗಂಟುಗಳಿದ್ದ ಗೇಣುದ್ದವನ್ನು ಕತ್ತರಿಸಿ ಕೊಡುತ್ತೇನೆ ಎಂದು ಅವನು ಹೇಳಿದ. ಅವಳು ಬಿಡಲಿಲ್ಲ. ಆ ತುದಿಯನ್ನೇ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಉಟ್ಟಳು. ಸೆರಗನ್ನು ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಳು. ಆಮೇಲೆ ಇದು ಯಾವ ಬಣ್ಣ ಎಂದು ಅವನನ್ನು ಕೇಳಿದಳು. ಅವನು ಹೇಳಿದ. ಚೆಂದ ಐತಿ ಅಂದಳು. ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ರಾಚಯ್ಯ ಕಣ್ಣು ಒರೆಸಿಕೊಂಡ. ಇಂಥ ಕತೆ ಕೇಳಿಯೇ ಇರಲಿಲ್ಲ ಎಂದ. ಇನ್ನು ತಡ ಮಾಡುವುದಿಲ್ಲ, ನಾಳೆ ನಸುಕಿಗೇ ಎದ್ದು ತಣ್ಣೀರು ಸ್ನಾನದಿಂದ ಶುರು ಮಾಡುತ್ತೇನೆ, ಆಶೀರ್ವಾದ ಮಾಡಬೇಕು, ಎಂದು ಪಾದಕ್ಕೆ ಬಾಗಿದ.

ಗುರುಗಳು ಕೈ ಎತ್ತಲಿಲ್ಲ.

"ಆ ಮಕ್ಕಳಿಗೆ ಯಾವ ಅಕ್ಷರದ ತನಕ ಕಲಿಸಿದ್ದೆ, ರಾಚಯ್ಯ?" ಎಂದು ಕೇಳಿದರು.

ರಾಚಯ್ಯ ತಲೆ ಎತ್ತಲಿಲ್ಲ.