ಬಳೆಗಾರನ ಕೈಗೆ ಮುಲಾಮು

ಹಾಳುಬಿದ್ದ ಸುಣ್ಣದ ಭಟ್ಟಿಯ ಪಕ್ಕದ ಮಂಟಪದಲ್ಲಿ ಶ್ರೀ ನಿರಂಜನಮ್ಮ ತಾಯಿಯವರು ಒಬ್ಬರೇ ಇರುತ್ತಿದ್ದರು. ಚರ್ಮರೋಗದವರಲ್ಲದೆ ಅತ್ತ ಯಾರೂ ಸುಳಿಯುತ್ತಿರಲಿಲ್ಲ.

ಅಲ್ಲಿಗೊಂದು ಮಧ್ಯಾಹ್ನ ಬಳೆಗಾರ ಕೊಟ್ರಪ್ಪ ಬಂದ. ಅಂಗೈ ಒಡೆದಿತ್ತು, ಬೆರಳ ಸಂದಿಯಲ್ಲೆಲ್ಲ ಕೀವು. ಬಳೆಗಾರನಿಗೆ ಕೈಯೇ ಅಂಗಡಿ. ಹೆಂಗಸರ ಮುಂಗೈ ಹಿಡಿದು, ಮೆಲ್ಲಗೆ ಒತ್ತಿ ಬಳೆ ಏರಿಸಬೇಕು. ಈಗ ಅವನ ಕೂಗು ಕೇಳಿದರೆ ಊರವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮನೆಯಲ್ಲೂ ತಟ್ಟೆಯನ್ನು ದೂರದಿಂದಲೇ ನೂಕುತ್ತಿದ್ದರು.

“ಸಂತೆಯ ಮುಲಾಮೆಲ್ಲ ಹಚ್ಚಿ ಆಯ್ತು ತಾಯಿ. ನಿಮ್ಮದಕ್ಕೇನು ಗ್ಯಾರಂಟಿ?”

“ಏನೂ ಇಲ್ಲಪ್ಪ. ಇನ್ನೂ ಹದಕ್ಕೆ ಬಂದಿಲ್ಲ,” ಎಂದರು ತಾಯಿಯವರು.

ಹೊಂಗೆ ಎಣ್ಣೆಯಲ್ಲಿ ಬೇವು, ಅರಿಶಿನ ಕುದಿಸಿ, ಜೇನುಮೇಣ ಕರಗಿಸಿ, ಮೊದಲು ತಮ್ಮ ತೋಳಿಗೇ ಹಚ್ಚಿಕೊಂಡರು. ಬೆಳಗಾಗುವಷ್ಟರಲ್ಲಿ ಬೊಬ್ಬೆ ಎದ್ದಿತ್ತು. ಅಷ್ಟನ್ನೂ ಚೆಲ್ಲಿದರು. ಮತ್ತೆ ಮಾಡಿದ್ದು ಗಟ್ಟಿಯಾಗದೆ ನೀರಾಯಿತು, ಅದನ್ನೂ ಚೆಲ್ಲಿದರು. ಮಾಲು ಕೆಟ್ಟರೆ ಗಿರಾಕಿಯ ತಲೆಗೆ ಕಟ್ಟುವವರನ್ನೇ ಕಂಡಿದ್ದ ಕೊಟ್ರಪ್ಪ ಎದ್ದು ಒಲೆಗೆ ಸೌದೆ ತುರುಕತೊಡಗಿದ.

ಕೊನೆಗೊಂದು ಪಾಕ ತೋಳಿನ ಮೇಲೆ ತಣ್ಣಗೆ ಕೂತಿತು. ತಾಯಿಯವರು ಅವನ ಕೈಗಳನ್ನು ಮಡಿಲಿಗೆಳೆದುಕೊಂಡು ತಾವೇ ಹಚ್ಚಿದರು.

“ಉರಿಯುತ್ತಾ?”

“ಇಲ್ಲ,” ಎಂದ. ಕಣ್ಣಲ್ಲಿ ಮಾತ್ರ ನೀರಿತ್ತು.

ಹೊಸ ಚರ್ಮ ಬಂತು. ಕೊಟ್ರಪ್ಪ ಬಳೆಯ ಮಲಾರ ಹೊತ್ತು ಊರಿಗೆ ಹೋಗಿ, ಚೆಂದದ ಬಳೆ ಎಂದು ಕೂಗಿದ. ಬಾವಿಕಟ್ಟೆಯ ಹೆಂಗಸರು ಕೈ ಸೆರಗಿನೊಳಗೆ ಎಳೆದುಕೊಂಡರು.

“ಅಷ್ಟು ಚೆಂದ ಇದ್ರೆ ನೀನೇ ತೊಟ್ಕೊಳ್ಳಣ್ಣ!” ಎಂದು ಸಾಕವ್ವ ನಗೆಯಾಡಿದಳು.

ಅವನು ಮಂಟಪಕ್ಕೆ ಹಿಂತಿರುಗಿ ಮಲಾರ ಇಳಿಸಿದ. “ಕೈ ವಾಸಿಯಾಗಿ ಏನು ಬಂತು ತಾಯಿ? ಹಿಡಿಯೋಕೆ ಒಂದು ಕೈಯಿಲ್ಲ.”

ಮರುದಿನ ಬೆಳಿಗ್ಗೆ ತಾಯಿಯವರು ಅವನೊಡನೆ ನಡೆದು ಬಂದು, ಎಲ್ಲರೆದುರು ಬಾವಿಕಟ್ಟೆಯ ಮೇಲೆ ಕೂತು ಕೈ ಚಾಚಿದರು. ಗಂಡ ತೀರಿಹೋಗಿ, ಕಾವಿ ಉಟ್ಟ ಮೇಲೆ ಗಾಜು ಸೋಕದಿದ್ದ ಕೈ ಅದು.

“ತೊಡಿಸಪ್ಪ.”

“ತಾಯೀ! ನೀವು ತೊಡಬಾರದು... ಪಾಪ ನನಗೆ ಬರುತ್ತೆ.”

“ನನಗೆ ಬರಲಿ. ತೊಡಿಸು.”

ಅವನು ಅವರ ಮುಂಗೈ ಹಿಡಿದು ಮೆಲ್ಲಗೆ ಒತ್ತಿದ. ಹಸಿರು ಬಳೆ ಒಡೆಯದೆ ಮುಂಗೈಗೇರಿತು. ಆಮೇಲೆ ಸಾಕವ್ವ ಕೊಡ ಕೆಳಗಿಟ್ಟು, “ನನಗೂ ಅದೇ ಅಳತೆ ನೋಡಣ್ಣ,” ಎಂದು ಕೈ ನೀಡಿದಳು. ಕೊಟ್ರಪ್ಪ ತಿರುಗಿ ನೋಡುವಷ್ಟರಲ್ಲಿ ತಾಯಿಯವರು ಒಬ್ಬರೇ ಭಟ್ಟಿಯ ಹಾದಿ ಹಿಡಿದಿದ್ದರು.

ಅಂದಿನಿಂದ ಅವನು ಯಾವ ಊರಿಗೆ ಹೋದರೂ, ಮೈಮೇಲೆ ಹುಣ್ಣೆದ್ದು ಮೂಲೆ ಸೇರಿದವರು ಯಾರಿದ್ದಾರೆಂದು ಮೊದಲು ವಿಚಾರಿಸುತ್ತಿದ್ದ. ಬಳೆ ಬೇಡವೆಂದರೂ ಪಕ್ಕದಲ್ಲಿ ಕೂತು, ಮುಲಾಮು ಹಚ್ಚಿ, ಅವರು ಸಾಕೆನ್ನುವವರೆಗೆ ಕೈ ಹಿಡಿದಿರುತ್ತಿದ್ದ.