ಬಾಗಿಲಿಗೆ ಕಟ್ಟಿದ ಕಂಬಳಿ

"ಕೇಳಿರಪ್ಪೋ ಕೇಳಿ! ಅರಸುಮಗಳು ಹೊನ್ನಾಜಮ್ಮಣ್ಣಿಯವರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ಸೋತವನ ತಲೆ ಅಮಾವಾಸ್ಯೆಗೆ ಉರುಳುತ್ತದೆ!"

ಹಿರೇಕೋಟೆಯಲ್ಲಿ ಹೀಗೆ ಡಂಗುರ ಸಾರಿದಾಗ ಜನ ಹೆದರಿ ಮನೆ ಸೇರಬೇಕಿತ್ತು. ಆಸೆಗೆ ಕಣ್ಣೆಲ್ಲಿ? ಸಾಲುಗಟ್ಟಿ ಬಂದರು. ಅರಸುಮಗಳಿಗೆ ಎಷ್ಟೋ ವರ್ಷಗಳಿಂದ ಬಲಗೆನ್ನೆಯಲ್ಲಿ ಸಿಡಿಯುವ ನೋವು. ಹಲ್ಲಿನದೇ ಬಾಧೆ ಎಂದು ವೈದ್ಯರು ಗಟ್ಟಿ ಹಲ್ಲುಗಳನ್ನು ಕಿತ್ತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಹಲ್ಲು ಹೋದವು, ನೋವು ಉಳಿಯಿತು. ಗಾಯವಿಲ್ಲ, ಊತವಿಲ್ಲ, ಇದೆಲ್ಲ ಸೋಗು ಎಂದು ಅಂತಃಪುರದವರೇ ಆಡಿಕೊಂಡರು. ಅಂದಿನಿಂದ ಅವಳ ಮನಸ್ಸು ಕಲ್ಲಾಯಿತು.

ರಾಜಕುಮಾರರು ಸೋತರು, ಪಂಡಿತರು ಸೋತರು. ಕೆಲವರ ತಲೆ ಆಗಲೇ ಹೋಗಿತ್ತು. ಕಂಬಳಿ ನೇಯುವ ಬೀರ ಮೊದಲ ಒಗಟಿಗೇ ಮುಗ್ಗರಿಸಿ ಸೆರೆ ಸೇರಿದ. ಅಮಾವಾಸ್ಯೆಯ ಹಿಂದಿನ ದಿನ ಅವನ ತಮ್ಮ ಮಾಳ ಹೆಗಲಿಗೊಂದು ಕಂಬಳಿ ಹಾಕಿಕೊಂಡು ಬಂದ. ಗೆದ್ದರೆ ಅಣ್ಣ ಉಳಿಯುತ್ತಾನೆ, ಸೋತರೆ ಇಬ್ಬರೂ ಇಲ್ಲ.

ಅರಸುಮಗಳು ತುಟಿಯನ್ನು ಹೆಚ್ಚು ಅಲುಗಿಸದೆ ಕೇಳಿದಳು. "ನನಗೆ ಮರ್ಯಾದೆ ಮಾಡುವವರೇ ದಿನವಿಡೀ ನನ್ನನ್ನು ಹೊಡೆಯುತ್ತಾರೆ. ಕೈ ತಾಗುವುದಿಲ್ಲ, ಬಾಸುಂಡೆ ಏಳುವುದಿಲ್ಲ. ಯಾವುದರಿಂದ ಹೊಡೆಯುತ್ತಾರೆ?"

ಹಿಂದಿನವರು ಹೊಗಳಿಕೆ ಎಂದಿದ್ದರು. ಬೀರ ಹೂವು ಎಂದಿದ್ದ. ಮಾಳ ಅವಳ ಅಕ್ಕಪಕ್ಕದ ದಾಸಿಯರನ್ನು ನೋಡಿದ. ಅವರು ಚಾಮರ ಬೀಸಿದಾಗಲೆಲ್ಲ ಅವಳ ಕಣ್ಣು ಕಿರಿದಾಗುತ್ತಿತ್ತು.

"ಚಾಮರದ ಗಾಳಿಯಿಂದ, ತಾಯಿ."

ದಾಸಿಯರ ಕೈ ನಿಂತಿತು. ಅರಸುಮಗಳು ಎರಡನೆಯದನ್ನು ಕೇಳಿದಳು. "ಒಂದು ಮನೆಯಲ್ಲಿ ಅಳು ಎದ್ದಿತು. ಆಮೇಲೆ ಪಕ್ಕದ ಮನೆಯಲ್ಲಿ, ಅದರಾಚೆಯ ಮನೆಯಲ್ಲಿ, ಕೊನೆಗೆ ಇಡೀ ಕೇರಿಯಲ್ಲಿ. ಅಳುತ್ತಿರುವವರು ಎಷ್ಟು ಜನ?"

"ಒಬ್ಬಳೇ," ಎಂದ ಮಾಳ. ಕೇರಿಯೆಂದರೆ ಮೈ ಎಂದು ಬಿಡಿಸಿ ಹೇಳಿದ. ಕೆನ್ನೆಯನ್ನು ಕಾಯಲು ಕತ್ತು ಬಿಗಿಹಿಡಿದರೆ ಕತ್ತು ನೋಯುತ್ತದೆ, ಆಮೇಲೆ ಹೆಗಲು, ಆಮೇಲೆ ಸೊಂಟ. ನಿದ್ದೆಗೆಟ್ಟು ಹೊಟ್ಟೆಯೂ ಕೆಡುತ್ತದೆ. ಒಂದೊಂದಕ್ಕೆ ಒಬ್ಬೊಬ್ಬ ವೈದ್ಯ ಬೇರೆ ಬೇರೆ ಲೇಪ ಕೊಟ್ಟರೂ ಅಳುವ ಜೀವ ಒಂದೇ. ಅರಸುಮಗಳ ಕೈ ತಾನಾಗಿ ಸೊಂಟದ ಮೇಲೆ ಹೋಯಿತು.

ಮೂರನೆಯದು ಒಗಟಿನ ಹಾಗೆಯೇ ಇರಲಿಲ್ಲ. "ನನ್ನ ನೋವು ಎಂದು ಹೋಗುತ್ತದೆ?"

ಮಾಳ ಅಣ್ಣನನ್ನು ನೆನೆದ. ಬರುವ ಹುಣ್ಣಿಮೆಗೆ ಎಂದುಬಿಟ್ಟರೆ ಅವಳಿಗೆ ಸಂತೋಷವಾದೀತು, ಅಣ್ಣ ಬದುಕಿಯಾನು. ಆದರೆ ಆ ಮುಖ ನೋಡಿ ಅವನಿಗೆ ಸುಳ್ಳು ಹೇಳಲಾಗಲಿಲ್ಲ.

"ನಂಗೊತ್ತಿಲ್ಲ ತಾಯಿ. ನಮ್ಮವ್ವನಿಗೂ ಇದೇ ನೋವಿತ್ತು. ಸಾಯೋ ತನಕ ಹೋಗ್ಲಿಲ್ಲ."

ಕೊತ್ವಾಲ ಕತ್ತಿಗೆ ಕೈಹಾಕಿದ. ಅರಸುಮಗಳು ತಡೆದಳು. "ವೈದ್ಯರು, ಜೋಯಿಸರು, ಎಲ್ಲರೂ ನನಗೊಂದು ದಿನ ಹೇಳಿದರು. ಆ ದಿನಕ್ಕೆ ಕಾದು ಕಾದು ಸೋತೆ. ನಿಜ ಹೇಳಿದವನು ನೀನೊಬ್ಬ. ಏನು ಬೇಕು?"

ಮಾಳ ಅಣ್ಣನ ಬಿಡುಗಡೆ ಕೇಳಿದ. ಅವಳು ಸೆರೆಯಲ್ಲಿದ್ದವರನ್ನೆಲ್ಲ ಬಿಟ್ಟಳು. ಹೋದ ತಲೆಗಳು ಮಾತ್ರ ಮರಳಿ ಬರಲಿಲ್ಲ. ಹೊರಡುವ ಮುಂಚೆ ಮಾಳ ತನ್ನ ಕಂಬಳಿಯನ್ನು ಗಾಳಿ ನುಗ್ಗುವ ಕಿಟಕಿಗೆ ಕಟ್ಟಿದ. ಗುಡಿಸಲ ಬಾಗಿಲಿಗೆ ಅವ್ವನಿಗಾಗಿ ಹೀಗೇ ಕಟ್ಟುತ್ತಿದ್ದ. ಅವ್ವನದು ಮೈಗಳ್ಳತನದ ನಾಟಕ ಎಂದು ಬೈದು ಅದನ್ನು ಕಿತ್ತೆಸೆಯುತ್ತಿದ್ದವನು ಬೀರ.

ಊರಿನ ದಾರಿಯಲ್ಲಿ ಮಾಳ ಕೊಟ್ಟ ಉತ್ತರಗಳನ್ನು ಕೇಳಿ ತಿಳಿದ ಬೀರ, ಇದೆಲ್ಲ ನಿನಗೆ ಹೇಗೆ ಗೊತ್ತಾಯಿತೆಂದು ವಿಚಾರಿಸಿದ. ಅವ್ವನನ್ನು ನೋಡಿ ಎಂದ ಮಾಳ. ಸ್ವಲ್ಪ ದೂರ ಹೋಗಿ ಬೀರ ನಿಂತ.

"ಬರೀ ಗಾಳಿ ತಾಕಿದ್ರೂ ನೋಯ್ತಿತ್ತೇನೋ ಅವ್ವಂಗೆ?"

"ಹೂಂ ಅಣ್ಣಾ."

ಬಯಲಲ್ಲಿ ಗಾಳಿ ಬೀಸುತ್ತಿತ್ತು. ಬೀರ ಕೆನ್ನೆಗೆ ಕೈ ಅಡ್ಡ ಹಿಡಿದುಕೊಂಡು ಊರು ಮುಟ್ಟುವವರೆಗೂ ಅಳುತ್ತಲೇ ನಡೆದ.